ಟೆಕ್ಸಾಸಿನ ಬೋಧನಾ ಪರವಾನಗಿ ಕ್ಯಾಲಿಫೋರ್ನಿಯಾದಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ನಾನು ಮೈಸೂರು ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಮತ್ತು ಬಿ.ಇಡಿ. ಪದವಿ ಪಡೆದು, ಮದುವೆಯ ನಂತರ ಅಮೆರಿಕಕ್ಕೆ ಬಂದವಳು. ಡಲ್ಲಾಸ್ ಸಮೀಪ ಆಲ್ಟರ್ನೇಟಿವ್ ಸರ್ಟಿಫಿಕೇಶನ್ ತರಬೇತಿ ಮುಗಿಸಿ, 4ರಿಂದ 8ನೇ ತರಗತಿಯ ಗಣಿತಕ್ಕೆ ಟೆಕ್ಸಾಸಿನ ಸ್ಟ್ಯಾಂಡರ್ಡ್ ಸರ್ಟಿಫಿಕೇಟ್ ಪಡೆದಿದ್ದೇನೆ. ನಾಲ್ಕು ವರ್ಷಗಳಿಂದ ಸಾರ್ವಜನಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಈಗ ಪತಿಯ ಕೆಲಸ ಕ್ಯಾಲಿಫೋರ್ನಿಯಾಕ್ಕೆ ವರ್ಗವಾಗಲಿದೆ. ಎಲ್ಲ ರಾಜ್ಯಗಳ ನಡುವೆ ಒಪ್ಪಂದವಿರುವುದರಿಂದ ಚಿಂತೆ ಬೇಡ ಎಂದು ಕೆಲವರು ಹೇಳಿದರೆ, ಅಲ್ಲಿ ಎಲ್ಲವನ್ನೂ ಮೊದಲಿನಿಂದ ಓದಬೇಕಾಗುತ್ತದೆ ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಯಾವುದು ನಿಜ? ಹೊರಡುವ ಮುಂಚೆ ನಾನು ಏನು ಮಾಡಿಕೊಳ್ಳಬೇಕು?

ಉತ್ತರ: ಎರಡೂ ಮಾತುಗಳಲ್ಲಿ ಅರ್ಧರ್ಧ ನಿಜವಿದೆ. ನೀವು ಮೊದಲಿನಿಂದ ಓದಬೇಕಾಗಿಲ್ಲ. ಆದರೆ ಟೆಕ್ಸಾಸಿನ ಪರವಾನಗಿಯನ್ನು ತೋರಿಸಿ ಮರುದಿನವೇ ಕ್ಯಾಲಿಫೋರ್ನಿಯಾದ ತರಗತಿಯಲ್ಲಿ ನಿಲ್ಲುವುದೂ ಸಾಧ್ಯವಿಲ್ಲ. ಒಂದು ರಾಜ್ಯದ ಡ್ರೈವಿಂಗ್ ಲೈಸೆನ್ಸ್ ಹಿಡಿದು ದೇಶವಿಡೀ ಕಾರು ಓಡಿಸಬಹುದಾದ್ದರಿಂದ ಬೋಧನಾ ಪರವಾನಗಿಯೂ ಹಾಗೆಯೇ ಇರಬೇಕೆಂದು ಜನ ಭಾವಿಸುವುದು ಸಹಜ. ಹೊಸ ರಾಜ್ಯವು ನಿಮ್ಮ ಕೈಯಲ್ಲಿರುವ ಪರವಾನಗಿಯನ್ನು ಹಾಗೆಯೇ ಒಪ್ಪಿಕೊಳ್ಳುವುದಿಲ್ಲ. ಆ ಪರವಾನಗಿ ಯಾವ ಪದವಿಯ ಮೇಲೆ, ಯಾವ ತರಬೇತಿಯ ಮೇಲೆ, ಎಷ್ಟು ವರ್ಷಗಳ ಅನುಭವದ ಮೇಲೆ ನಿಂತಿದೆ ಎಂಬುದನ್ನು ಬಿಡಿಸಿ ನೋಡಿ, ತನ್ನದೇ ಆದ ಹೊಸದೊಂದು ಪರವಾನಗಿಯನ್ನು ಕೊಡುತ್ತದೆ. ಆದ್ದರಿಂದ ನಿಮ್ಮ ಮುಂದಿರುವುದು ಬಹುಪಾಲು ದಾಖಲೆಗಳ ಕೆಲಸ, ಮತ್ತು ಅದರಲ್ಲಿ ಹೆಚ್ಚಿನದನ್ನು ಟೆಕ್ಸಾಸಿನಲ್ಲಿ ಇರುವಾಗಲೇ ಮಾಡಿ ಮುಗಿಸುವುದು ಸುಲಭ.

ಈ ವ್ಯವಸ್ಥೆ ಹೀಗೇಕಿದೆ ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪವೇ ಇಲ್ಲ. ಸಂವಿಧಾನವು ಕೇಂದ್ರಕ್ಕೆ ಕೊಡದ ಅಧಿಕಾರಗಳು ರಾಜ್ಯಗಳಿಗೆ ಸೇರಿದವು ಎಂದು ಹತ್ತನೆಯ ತಿದ್ದುಪಡಿ ಹೇಳುವುದರಿಂದ, ಶಿಕ್ಷಕರ ಅರ್ಹತೆಯನ್ನು ಗೊತ್ತುಮಾಡುವುದು ಆಯಾ ರಾಜ್ಯದ ಹಕ್ಕಾಗಿ ಉಳಿದಿದೆ. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯಿದೆಯ ನಂತರ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಇಡೀ ದೇಶಕ್ಕೆ ಕನಿಷ್ಠ ಅರ್ಹತೆಯನ್ನು ನಿಗದಿ ಮಾಡುತ್ತದೆ. ಟಿಇಟಿ ಪರೀಕ್ಷೆಯನ್ನೂ ನೇಮಕಾತಿಯನ್ನೂ ರಾಜ್ಯಗಳು ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರೂ, ಬಿ.ಇಡಿ. ಎಂದರೆ ಬೀದರಿನಲ್ಲಿಯೂ ಕೊಚ್ಚಿಯಲ್ಲಿಯೂ ಹೆಚ್ಚುಕಡಿಮೆ ಒಂದೇ. ಅಮೆರಿಕದಲ್ಲಿ ಅಂಥ ಸಮಾನ ನೆಲೆಯೇ ಇಲ್ಲ. ಟೆಕ್ಸಾಸಿನಲ್ಲಿ ಸ್ಟೇಟ್ ಬೋರ್ಡ್ ಫಾರ್ ಎಜುಕೇಟರ್ ಸರ್ಟಿಫಿಕೇಶನ್ ನಿಯಮ ರೂಪಿಸಿದರೆ, ಟೆಕ್ಸಾಸ್ ಎಜುಕೇಶನ್ ಏಜೆನ್ಸಿ ಅದನ್ನು ಜಾರಿಗೆ ತರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಮಿಷನ್ ಆನ್ ಟೀಚರ್ ಕ್ರೆಡೆನ್ಶಿಯಲಿಂಗ್ ಎಂಬ ಆಯೋಗವಿದೆ. ಒಂದರ ತೀರ್ಮಾನಕ್ಕೆ ಇನ್ನೊಂದು ಬದ್ಧವಲ್ಲ.

ನಿಮಗೆ ಧೈರ್ಯ ಹೇಳಿದವರು ಪ್ರಸ್ತಾಪಿಸಿದ ಒಪ್ಪಂದ ಬಹುಶಃ ‘ನ್ಯಾಸ್‌ಡ್‌ಟೆಕ್’ ಅಂತರರಾಜ್ಯ ಒಪ್ಪಂದ. ಇದು ರಾಜ್ಯಗಳ ಶಿಕ್ಷಕ ಪರವಾನಗಿ ನಿರ್ದೇಶಕರ ರಾಷ್ಟ್ರೀಯ ಸಂಘ ನಿರ್ವಹಿಸುವ ವ್ಯವಸ್ಥೆ. ಬಹುತೇಕ ಎಲ್ಲ ರಾಜ್ಯಗಳೂ ಇದರಲ್ಲಿ ಸೇರಿವೆ. ಹೆಸರಿನಿಂದ ಅದು ಒಂದೇ ಒಪ್ಪಂದದಂತೆ ಕಂಡರೂ, ಯಾವ ರಾಜ್ಯದ ಯಾವ ಬಗೆಯ ಪರವಾನಗಿಯನ್ನು ತಾನು ಪರಿಶೀಲನೆಗೆ ತೆಗೆದುಕೊಳ್ಳುತ್ತೇನೆ ಎಂದು ಪ್ರತಿಯೊಂದು ರಾಜ್ಯವೂ ಪ್ರತ್ಯೇಕವಾಗಿ ಹೇಳಿಕೊಂಡ ಹೇಳಿಕೆಗಳ ಕಟ್ಟು ಅದು. ‘ಅ’ ರಾಜ್ಯ ‘ಆ’ ರಾಜ್ಯದ ಶಿಕ್ಷಕರನ್ನು ಒಪ್ಪಿದ ಮಾತ್ರಕ್ಕೆ ‘ಆ’ ರಾಜ್ಯವೂ ‘ಅ’ ರಾಜ್ಯದವರನ್ನು ಒಪ್ಪಬೇಕೆಂದೇನೂ ಇಲ್ಲ. ಒಪ್ಪಿದಾಗಲೂ ಪ್ರತಿ ರಾಜ್ಯವೂ ತನ್ನ ಸ್ಥಳೀಯ ಷರತ್ತುಗಳನ್ನು ಉಳಿಸಿಕೊಳ್ಳಬಹುದು; ಹೊಸ ಪರೀಕ್ಷೆ, ಹೆಚ್ಚಿನ ಕೋರ್ಸು, ಬೆರಳಚ್ಚು ಎಲ್ಲವೂ ಆ ಷರತ್ತುಗಳೊಳಗೆ ಬರುತ್ತವೆ. ಈ ಷರತ್ತುಗಳಲ್ಲಿ ಒಂದೊಂದು ರಾಜ್ಯದ ಚರಿತ್ರೆಯೂ ಕಾಣುತ್ತದೆ. ಅಲಾಸ್ಕಾದವರು ಅಲಾಸ್ಕಾ ಅಧ್ಯಯನದ ಕೋರ್ಸನ್ನು ಕೇಳುತ್ತಾರೆ. ಅರಿಜೋನಾದಲ್ಲಿ ಅಮೆರಿಕದ ಸಂವಿಧಾನದ ಜೊತೆಗೆ ಅರಿಜೋನಾದ ಸಂವಿಧಾನದ ತಿಳಿವಳಿಕೆಯನ್ನೂ ತೋರಿಸಬೇಕು. ನ್ಯೂಯಾರ್ಕಿನಲ್ಲಿ ಮಕ್ಕಳ ಮೇಲಿನ ದೌರ್ಜನ್ಯವನ್ನು ಗುರುತಿಸುವುದು, ಶಾಲೆಯಲ್ಲಿ ಹಿಂಸೆಯನ್ನು ತಡೆಯುವುದು ಮುಂತಾದ ಕಾರ್ಯಾಗಾರಗಳಿಗೆ ಹಾಜರಾಗಿರಬೇಕು. ಮ್ಯಾಸಚೂಸೆಟ್ಸಿನಲ್ಲಿ ಮುಖ್ಯ ವಿಷಯಗಳನ್ನು ಬೋಧಿಸುವವರಿಗೆ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಪಾಠ ಹೇಳುವ ವಿಶೇಷ ದೃಢೀಕರಣ ಬೇಕು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ವ್ಯವಸ್ಥೆ ಇತ್ತೀಚಿನದು. ಇಂಟರ್‌ಸ್ಟೇಟ್ ಟೀಚರ್ ಮೊಬಿಲಿಟಿ ಕಾಂಪ್ಯಾಕ್ಟ್ ಎಂಬ ಈ ಒಡಂಬಡಿಕೆಯನ್ನು ರಾಜ್ಯ ಸರ್ಕಾರಗಳ ಮಂಡಳಿಯು ಅಮೆರಿಕದ ರಕ್ಷಣಾ ಇಲಾಖೆಯ ಬೆಂಬಲದೊಂದಿಗೆ ರೂಪಿಸಿತು. ಸೈನಿಕರ ಕುಟುಂಬಗಳು ಪದೇಪದೇ ಊರು ಬದಲಿಸಬೇಕಾಗುವುದೇ ಅದಕ್ಕೆ ದೊಡ್ಡ ಪ್ರೇರಣೆ. ಹತ್ತು ರಾಜ್ಯಗಳು ಕಾನೂನು ಮಾಡಿದ ಮೇಲೆ ಅದು ಜಾರಿಗೆ ಬರಬೇಕೆಂಬ ನಿಯಮವಿತ್ತು. 2023ರಲ್ಲಿ ಆ ಸಂಖ್ಯೆ ತುಂಬಿತು. ಕೊಲೊರಾಡೊ, ಯೂಟಾ, ಕೆಂಟಕಿ, ಫ್ಲಾರಿಡಾ, ನೆವಾಡಾ, ಆರೆಗಾನ್ ಮೊದಲ ತಂಡದಲ್ಲಿದ್ದವು. ಈ ಒಡಂಬಡಿಕೆಯೊಳಗಿನ ಶಿಕ್ಷಕರು ಪದವೀಧರರಾಗಿದ್ದು, ರಾಜ್ಯವು ಮಾನ್ಯ ಮಾಡಿದ ತರಬೇತಿಯನ್ನು ಮುಗಿಸಿ, ಯಾವ ನಿರ್ಬಂಧವೂ ಇಲ್ಲದ ಪೂರ್ಣ ಪರವಾನಗಿಯನ್ನು ಹೊಂದಿದ್ದರೆ, ಹೊಸ ರಾಜ್ಯವು ಹೆಚ್ಚಿನ ಪರೀಕ್ಷೆಯನ್ನಾಗಲಿ ಕೋರ್ಸನ್ನಾಗಲಿ ಕೇಳದೆ, ತನ್ನಲ್ಲಿರುವ ಅದಕ್ಕೆ ಅತ್ಯಂತ ಸಮೀಪದ ಪರವಾನಗಿಯನ್ನು ಕೊಡಬೇಕು. ಹಿನ್ನೆಲೆ ತಪಾಸಣೆ ಮಾತ್ರ ಅಲ್ಲಿಯೂ ತಪ್ಪುವುದಿಲ್ಲ, ಮುಂದೆ ನವೀಕರಿಸುವಾಗ ಹೊಸ ರಾಜ್ಯದ ನಿಯಮವೇ ಅನ್ವಯಿಸುತ್ತದೆ. ನಿಮ್ಮ ಮಟ್ಟಿಗೆ ನಿರಾಸೆಯ ಸಂಗತಿಯೆಂದರೆ, ನೀವು ಬಿಡುತ್ತಿರುವ ಟೆಕ್ಸಾಸೂ ಸೇರುತ್ತಿರುವ ಕ್ಯಾಲಿಫೋರ್ನಿಯಾವೂ ಆ ಹತ್ತರಲ್ಲಿ ಇರಲಿಲ್ಲ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಇನ್ನೆರಡು ರಾಜ್ಯಗಳಾದ ನ್ಯೂಜೆರ್ಸಿ ಮತ್ತು ನ್ಯೂಯಾರ್ಕುಗಳೂ ಇರಲಿಲ್ಲ. ದೊಡ್ಡ ರಾಜ್ಯಗಳು ತಮ್ಮ ನಿಯಮಗಳನ್ನು ಸಡಿಲಿಸಲು ಹಿಂಜರಿಯುವುದು ಈ ವಿಷಯದಲ್ಲಿ ಹಳೆಯ ರೂಢಿ. ಶಿಕ್ಷಕರ ಕೊರತೆಯ ಬಗ್ಗೆ ಅವೇ ಹೆಚ್ಚು ಗೊಣಗುತ್ತವೆ ಎಂಬುದನ್ನು ನೆನೆದರೆ, ಈ ಹಿಂಜರಿಕೆಗೆ ಒಳ್ಳೆಯ ಸಮರ್ಥನೆ ಇದೆ ಎಂದು ನನಗೆ ಅನಿಸಿಲ್ಲ.

ಪತಿ ಅಮೆರಿಕದ ಸೇನೆಯಲ್ಲಿದ್ದರೆ ಉತ್ತರವೇ ಬೇರೆಯಾಗುತ್ತಿತ್ತು. 2023ರ ಜನವರಿಯಲ್ಲಿ ಜಾರಿಗೆ ಬಂದ ಕೇಂದ್ರ ಕಾನೂನಿನ ಪ್ರಕಾರ, ಸೇನೆಯ ಆದೇಶದ ಮೇಲೆ ಊರು ಬದಲಿಸುವವರ ಮತ್ತು ಅವರ ಸಂಗಾತಿಯ ವೃತ್ತಿ ಪರವಾನಗಿಯನ್ನು ಹೊಸ ರಾಜ್ಯ ಕೆಲವು ಷರತ್ತುಗಳ ಮೇಲೆ ಮಾನ್ಯ ಮಾಡಲೇಬೇಕು. ನಿಮ್ಮ ಪತ್ರದಿಂದ ಅದು ನಿಮಗೆ ಅನ್ವಯಿಸುವಂತೆ ಕಾಣುವುದಿಲ್ಲ.

ಈಗ ಕ್ಯಾಲಿಫೋರ್ನಿಯಾಕ್ಕೆ ಬರೋಣ. ಹೊರರಾಜ್ಯದಲ್ಲಿ ತರಬೇತಿ ಪಡೆದವರಿಗೆ ಅಲ್ಲಿನ ಆಯೋಗ ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿಯನ್ನು ತೆರೆದಿಡುತ್ತದೆ. ಮೊದಲನೆಯದು ಪ್ರಿಲಿಮಿನರಿ ಕ್ರೆಡೆನ್ಶಿಯಲ್. ಇದರ ಅವಧಿ ಐದು ವರ್ಷ, ಆ ಅವಧಿಯೊಳಗೆ ಉಳಿದ ಷರತ್ತುಗಳನ್ನು, ಮುಖ್ಯವಾಗಿ ಇಂಡಕ್ಷನ್ ಎಂಬ ಎರಡು ವರ್ಷಗಳ ಮಾರ್ಗದರ್ಶನ ಕಾರ್ಯಕ್ರಮವನ್ನು, ಪೂರೈಸಬೇಕು. ಎರಡನೆಯದು ಕ್ಲಿಯರ್ ಕ್ರೆಡೆನ್ಶಿಯಲ್, ಅಂದರೆ ಪೂರ್ಣ ಪರವಾನಗಿ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಪೂರ್ಣಾವಧಿ ಪಾಠ ಮಾಡಿದ ಅನುಭವವನ್ನೂ, ಆ ಅವಧಿಯ ತೃಪ್ತಿಕರ ಕಾರ್ಯ ಮೌಲ್ಯಮಾಪನಗಳನ್ನೂ ತೋರಿಸಬಲ್ಲವರು ಇತರ ಷರತ್ತುಗಳಿಗೆ ಒಳಪಟ್ಟು ನೇರವಾಗಿ ಇದಕ್ಕೆ ಅರ್ಜಿ ಹಾಕಬಹುದು. ನಿಮ್ಮ ನಾಲ್ಕು ವರ್ಷಗಳ ಅನುಭವಕ್ಕೆ ಬೆಲೆ ಬರುವುದು ಇಲ್ಲಿಯೇ. ಹೀಗಿದ್ದರೂ ಸರಿಯಾದ ಕಾಗದಗಳನ್ನು ಕಳಿಸದೆ, ಹೊಸಬರ ಹಾಗೆ ಪ್ರಿಲಿಮಿನರಿ ಪಡೆದು ಮತ್ತೆ ಎರಡು ವರ್ಷ ಇಂಡಕ್ಷನ್ನಿನಲ್ಲಿ ಕಳೆಯುವ ಅನುಭವಿ ಶಿಕ್ಷಕಿಯರು ಸಾಕಷ್ಟು ಮಂದಿ ಇದ್ದಾರೆ.

ಆ ಕಾಗದಗಳಲ್ಲಿ ಮೊದಲನೆಯದು ನಿಮ್ಮ ಟಿ-ಟೆಸ್ ವರದಿ. ಟೆಕ್ಸಾಸಿನ ಈ ಮೌಲ್ಯಮಾಪನ ಪದ್ಧತಿಯಲ್ಲಿ ಪ್ರತಿಯೊಂದು ಅಂಶಕ್ಕೂ ‘ಡಿಸ್ಟಿಂಗ್ವಿಷ್ಡ್’, ‘ಅಕಾಂಪ್ಲಿಷ್ಡ್’, ‘ಪ್ರೊಫಿಶಿಯೆಂಟ್’, ‘ಡೆವಲಪಿಂಗ್’, ‘ಇಂಪ್ರೂವ್‌ಮೆಂಟ್ ನೀಡೆಡ್’ ಎಂಬ ಐದು ಶ್ರೇಣಿಗಳಿರುವುದು ನಿಮಗೆ ತಿಳಿದೇ ಇದೆ. ಬೇರೆ ರಾಜ್ಯದ ಅಧಿಕಾರಿಗೆ ಇದು ತಿಳಿದಿರಬೇಕೆಂದಿಲ್ಲ. ‘ಪ್ರೊಫಿಶಿಯೆಂಟ್’ ಎಂಬುದು ಮಧ್ಯದ ಶ್ರೇಣಿಯಾದ್ದರಿಂದ ಅದನ್ನು ಸಾಧಾರಣವೆಂದು ಓದಿಕೊಳ್ಳುವ ಅಪಾಯವಿದೆ. ಟೆಕ್ಸಾಸಿನ ಲೆಕ್ಕದಲ್ಲಿ ಅದು ನಿರೀಕ್ಷಿತ ಗುಣಮಟ್ಟವನ್ನು ಮುಟ್ಟಿದ ಶಿಕ್ಷಕರ ಶ್ರೇಣಿ. ಆದ್ದರಿಂದ ಕೊನೆಯ ಪುಟವೊಂದನ್ನೇ ಕಳಿಸದೆ, ಶ್ರೇಣಿಗಳ ವಿವರಣೆ ಇರುವ ಪುಟವನ್ನೂ ಸೇರಿಸಿ, ಪ್ರಾಂಶುಪಾಲರ ಸಹಿಯಿರುವ ಪೂರ್ಣ ವರದಿಯನ್ನೇ ಪಡೆದುಕೊಳ್ಳಿ. ಕೆಲವು ಶಾಲೆಗಳಲ್ಲಿ ಎಲ್ಲ ವರ್ಷವೂ ಪೂರ್ಣ ಮೌಲ್ಯಮಾಪನ ನಡೆಯುವುದಿಲ್ಲ. ಅರ್ಹ ಶಿಕ್ಷಕರಿಗೆ ಒಂದೆರಡು ವರ್ಷ ವಿನಾಯಿತಿ ಕೊಡುವ ಅವಕಾಶ ಟೆಕ್ಸಾಸಿನಲ್ಲಿದೆ. ನಿಮಗೂ ಹಾಗೆ ವಿನಾಯಿತಿ ಸಿಕ್ಕಿದ್ದರೆ, ಈ ವರ್ಷ ಪೂರ್ಣ ಮೌಲ್ಯಮಾಪನ ಮಾಡಿ ಎಂದು ನೀವೇ ಕೇಳಿಕೊಳ್ಳುವುದು ಲೇಸು, ಏಕೆಂದರೆ ಕ್ಯಾಲಿಫೋರ್ನಿಯಾ ಇತ್ತೀಚಿನ ವರ್ಷಗಳ ವರದಿಯನ್ನು ಬಯಸುತ್ತದೆ. ವರದಿಗಳ ಜೊತೆಗೆ ನಿಮ್ಮ ಡಿಸ್ಟ್ರಿಕ್ಟಿನ, ಅಂದರೆ ಆ ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಆಡಳಿತ ಘಟಕದ, ಸಿಬ್ಬಂದಿ ವಿಭಾಗದಿಂದ ಅಧಿಕೃತ ಸೇವಾ ದಾಖಲೆಯನ್ನೂ ತೆಗೆದುಕೊಳ್ಳಿ. ಯಾವ ವರ್ಷ, ಯಾವ ಶಾಲೆ, ಎಷ್ಟು ದಿನ, ಪೂರ್ಣಾವಧಿಯೇ ಅಲ್ಲವೇ ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ, ಮತ್ತು ಮುಂದೆ ಸಂಬಳ ಗೊತ್ತುಮಾಡುವಾಗಲೂ ಅದು ಬೇಕು.

ಎರಡನೆಯ ವಿಷಯ ನಿಮ್ಮ ತರಬೇತಿಯದು, ಸ್ವಲ್ಪ ಸೂಕ್ಷ್ಮವಾದದ್ದು. ನೀವು ಪರವಾನಗಿ ಪಡೆದದ್ದು ಆಲ್ಟರ್ನೇಟಿವ್ ಸರ್ಟಿಫಿಕೇಶನ್ ಮೂಲಕ. ಅಂದರೆ ಮೊದಲು ಇಂಟರ್ನ್ ಸರ್ಟಿಫಿಕೇಟಿನ ಮೇಲೆ ಸಂಬಳದ ಶಿಕ್ಷಕಿಯಾಗಿ ಸೇರಿ, ಪಾಠ ಮಾಡುತ್ತಲೇ ತರಬೇತಿಯನ್ನೂ ಪರೀಕ್ಷೆಗಳನ್ನೂ ಮುಗಿಸಿದ್ದೀರಿ. ಟೆಕ್ಸಾಸಿನಲ್ಲಿ ಇದು ಬಹಳ ಜನ ಹಿಡಿಯುವ ದಾರಿ, ಮತ್ತು ಕೊನೆಗೆ ಕೈಗೆ ಬರುವ ಸ್ಟ್ಯಾಂಡರ್ಡ್ ಸರ್ಟಿಫಿಕೇಟಿನ ಮೇಲೆ ದಾರಿ ಯಾವುದೆಂದು ಬರೆದಿರುವುದಿಲ್ಲ. ಆದರೆ ಹೊರರಾಜ್ಯದವರು ಕೇಳುವುದು ಅದನ್ನೇ. ಸಾಂಪ್ರದಾಯಿಕ ತರಬೇತಿಯಲ್ಲಿ ಹಿರಿಯ ಶಿಕ್ಷಕರ ತರಗತಿಯಲ್ಲಿ ನಿಂತು ಮೇಲ್ವಿಚಾರಣೆಯಡಿ ಪಾಠ ಮಾಡಿದ ಅವಧಿಯೊಂದು ಇರುತ್ತದೆ. ನಿಮ್ಮ ಇಂಟರ್ನ್ ವರ್ಷ ಆ ಸ್ಥಾನದಲ್ಲಿ ನಿಲ್ಲಬೇಕಾದರೆ, ಫೀಲ್ಡ್ ಸೂಪರ್‌ವೈಸರ್ ನಿಮ್ಮ ತರಗತಿಗೆ ಬಂದು ವೀಕ್ಷಿಸಿದ್ದು, ಶಾಲೆಯಲ್ಲಿ ಮೆಂಟರ್ ಇದ್ದದ್ದು, ತರಬೇತಿಯ ಒಟ್ಟು ಗಂಟೆಗಳು ಎಲ್ಲವೂ ಬರಹದಲ್ಲಿ ಇರಬೇಕು. ಈ ತರಬೇತಿ ಸಂಸ್ಥೆಗಳಲ್ಲಿ ಹಲವು ಖಾಸಗಿ ಕಂಪನಿಗಳು. ಇಂದು ಇದ್ದ ಕಂಪನಿ ನಾಳೆ ಇನ್ನೊಂದರ ಕೈಗೆ ಹೋಗಬಹುದು, ಇಲ್ಲವೇ ಮುಚ್ಚಬಹುದು. ಆದ್ದರಿಂದ ಕಾರ್ಯಕ್ರಮವು ಟೆಕ್ಸಾಸಿನ ಮಾನ್ಯತೆ ಪಡೆದಿತ್ತು, ನೀವು ಅದನ್ನು ಇಂಥ ದಿನ ಪೂರ್ತಿಗೊಳಿಸಿದಿರಿ, ಅದರಲ್ಲಿ ಮೇಲ್ವಿಚಾರಣೆಯಡಿಯ ಬೋಧನೆ ಇತ್ತು ಎಂಬ ಮೂರು ವಿಷಯಗಳನ್ನು ಸ್ಪಷ್ಟವಾಗಿ ಹೇಳುವ ಪತ್ರವನ್ನು ಸಂಸ್ಥೆಯ ಲೆಟರ್‌ಹೆಡ್ಡಿನ ಮೇಲೆ ಈಗಲೇ ಪಡೆದಿಟ್ಟುಕೊಳ್ಳಿ. ಇನ್ನೂ ಇಂಟರ್ನ್ ಅಥವಾ ಪ್ರೊಬೇಷನರಿ ಹಂತದಲ್ಲಿರುವ ಓದುಗರಿಗೆ ಒಂದು ಮಾತು: ಆ ಹಂತದ ಪರವಾನಗಿಯನ್ನು ಬಹುತೇಕ ಯಾವ ರಾಜ್ಯವೂ ಪೂರ್ಣ ಪರವಾನಗಿಯೆಂದು ಎಣಿಸುವುದಿಲ್ಲ. ಸಾಧ್ಯವಿದ್ದರೆ ಸ್ಟ್ಯಾಂಡರ್ಡ್ ಕೈಸೇರಿದ ಮೇಲೆಯೇ ರಾಜ್ಯ ಬಿಡಿ.

ನಿಮ್ಮ ಸರ್ಟಿಫಿಕೇಟ್ 4ರಿಂದ 8ನೇ ತರಗತಿಯ ಗಣಿತಕ್ಕೆ ಸೀಮಿತವಾಗಿರುವುದೂ ಒಂದು ತೊಡಕು. ಟೆಕ್ಸಾಸಿನಲ್ಲಿ ಪರವಾನಗಿಯನ್ನು ತರಗತಿಗಳ ಗುಂಪಿನ ಮೇಲೆ ವಿಂಗಡಿಸುತ್ತಾರೆ. ಕ್ಯಾಲಿಫೋರ್ನಿಯಾದ ವಿಂಗಡಣೆ ಬೇರೆ: ಒಬ್ಬರೇ ಶಿಕ್ಷಕರು ಎಲ್ಲ ವಿಷಯಗಳನ್ನು ಹೇಳಿಕೊಡುವ ಪ್ರಾಥಮಿಕ ತರಗತಿಗಳಿಗೆ ಮಲ್ಟಿಪಲ್ ಸಬ್ಜೆಕ್ಟ್, ಒಂದೊಂದು ವಿಷಯಕ್ಕೆ ಒಬ್ಬೊಬ್ಬರಿರುವ ತರಗತಿಗಳಿಗೆ ಸಿಂಗಲ್ ಸಬ್ಜೆಕ್ಟ್. ಗಣಿತದ ಸಿಂಗಲ್ ಸಬ್ಜೆಕ್ಟಿನಲ್ಲಿಯೇ ಎರಡು ಬಗೆಗಳಿದ್ದು, ಪೂರ್ಣ ಗಣಿತದ ಪರವಾನಗಿಯಲ್ಲಿ ಕ್ಯಾಲ್ಕುಲಸ್‌ವರೆಗೆ ಎಲ್ಲವನ್ನೂ ಹೇಳಿಕೊಡಬಹುದು. ಫೌಂಡೇಶನಲ್ ಲೆವೆಲ್ ಮ್ಯಾಥಮ್ಯಾಟಿಕ್ಸ್ ಎಂಬುದರಲ್ಲಿ ಬೀಜಗಣಿತ, ರೇಖಾಗಣಿತ, ಸಂಭವನೀಯತೆ, ಸಂಖ್ಯಾಶಾಸ್ತ್ರಗಳನ್ನು ಹೇಳಿಕೊಡಬಹುದೇ ಹೊರತು ಕ್ಯಾಲ್ಕುಲಸ್ ಹೇಳಿಕೊಡಲಾಗದು. ನಿಮಗೆ ಯಾವುದು ಸಿಗುತ್ತದೆ ಎಂಬುದನ್ನು ಆಯೋಗವೇ ತೀರ್ಮಾನಿಸಬೇಕು. ಮಿಡಲ್ ಸ್ಕೂಲಿನಲ್ಲಿಯೇ ಮುಂದುವರಿಯುವ ಇಚ್ಛೆಯಿದ್ದರೆ ಫೌಂಡೇಶನಲ್ ಲೆವೆಲ್ ಸಿಕ್ಕರೂ ನಷ್ಟವೇನಿಲ್ಲ. ಹೈಸ್ಕೂಲಿನ ಆಸೆಯಿದ್ದರೆ, ಟೆಕ್ಸಾಸಿನಲ್ಲಿ ಇರುವಾಗಲೇ 7ರಿಂದ 12ನೇ ತರಗತಿಯ ಗಣಿತ ಪರೀಕ್ಷೆಯನ್ನು ಬರೆದು ಅದನ್ನು ಸರ್ಟಿಫಿಕೇಟಿಗೆ ಸೇರಿಸಿಕೊಳ್ಳುವುದನ್ನು ಯೋಚಿಸಿ. ಸ್ಟ್ಯಾಂಡರ್ಡ್ ಸರ್ಟಿಫಿಕೇಟ್ ಇರುವವರು ಹೆಚ್ಚಿನ ತರಬೇತಿಯಿಲ್ಲದೆ, ವಿಷಯ ಪರೀಕ್ಷೆಯೊಂದನ್ನು ಪಾಸು ಮಾಡಿಯೇ ಇನ್ನೊಂದು ವಿಷಯವನ್ನೋ ತರಗತಿಯ ಗುಂಪನ್ನೋ ಸೇರಿಸಿಕೊಳ್ಳುವ ಅನುಕೂಲ ಟೆಕ್ಸಾಸಿನಲ್ಲಿದೆ, ಬಿ.ಎಸ್ಸಿ.ಯಲ್ಲಿ ಗಣಿತ ಓದಿದವರಿಗೆ ಆ ಪರೀಕ್ಷೆ ಭಾರವಾಗಲಾರದು.

ಕ್ಯಾಲಿಫೋರ್ನಿಯಾದಲ್ಲಿ ಎಲ್ಲರೂ ಎಡವುವ ಷರತ್ತು ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಸಂಬಂಧಿಸಿದ್ದು. ಅಲ್ಲಿನ ಶಾಲೆಗಳಲ್ಲಿ ಮನೆಮಾತು ಬೇರೆಯಾಗಿದ್ದು ಇಂಗ್ಲಿಷನ್ನು ಇನ್ನೂ ಕಲಿಯುತ್ತಿರುವ ಮಕ್ಕಳ ಪ್ರಮಾಣ ದೊಡ್ಡದು; ಗಣಿತದ ಶಿಕ್ಷಕಿಯೇ ಆಗಿದ್ದರೂ, ತರಗತಿಯಲ್ಲಿ ಅಂಥ ಒಂದು ಮಗು ಇದ್ದರೆ ನಿಮ್ಮ ಪರವಾನಗಿಯಲ್ಲಿ ಅದಕ್ಕೆ ಬೇಕಾದ ಅಧಿಕೃತತೆ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿಯೇ ತರಬೇತಿ ಪಡೆದವರಿಗೆ ಇದು ತರಬೇತಿಯ ಒಳಗೇ ಬಂದಿರುತ್ತದೆ. ಹೊರಗಿನಿಂದ ಬಂದವರು ನಿಗದಿತ ಕೋರ್ಸುಗಳ ಮೂಲಕವೋ ಸಿಟೆಲ್ ಎಂಬ ಪರೀಕ್ಷೆಯ ಮೂಲಕವೋ ಅದನ್ನು ಪಡೆಯಬೇಕು. ನಿಮ್ಮ ಟೆಕ್ಸಾಸ್ ಸರ್ಟಿಫಿಕೇಟಿನಲ್ಲಿ ಇಎಸ್‌ಎಲ್ ಸಪ್ಲಿಮೆಂಟಲ್ (ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವ ಮಕ್ಕಳಿಗೆ ಪಾಠ ಹೇಳುವ ಹೆಚ್ಚುವರಿ ದೃಢೀಕರಣ) ಸೇರಿದ್ದರೆ ಅದರ ದಾಖಲೆಯನ್ನು ಅರ್ಜಿಗೆ ತಪ್ಪದೆ ಲಗತ್ತಿಸಿ. ಇಲ್ಲದಿದ್ದರೆ, ಮೊದಲೇ ಹೇಳಿದ ಗಣಿತದ ಪರೀಕ್ಷೆಗಿಂತಲೂ ಇದಕ್ಕೆ ತಯಾರಾಗುವುದು ಹೆಚ್ಚು ತುರ್ತಿನದು.

ಇನ್ನು ಮೈಸೂರಿನ ಕಾಗದಗಳು. ಟೆಕ್ಸಾಸಿಗಾಗಿ ನೀವು ಒಮ್ಮೆ ವಿದೇಶಿ ಪದವಿಯ ಮೌಲ್ಯನಿರ್ಣಯ ಮಾಡಿಸಿರುತ್ತೀರಿ. ಅದೇ ವರದಿ ಸಾಕೆಂದು ಭಾವಿಸಬೇಡಿ. ಕ್ಯಾಲಿಫೋರ್ನಿಯಾದ ಆಯೋಗ ತಾನು ಒಪ್ಪಿದ ಏಜೆನ್ಸಿಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದೆ, ಆ ಪಟ್ಟಿಯ ಹೊರಗಿನ ವರದಿಯನ್ನು ತೆಗೆದುಕೊಳ್ಳುವುದಿಲ್ಲ. ನಿಮ್ಮ ಹಳೆಯ ಏಜೆನ್ಸಿ ಪಟ್ಟಿಯಲ್ಲಿ ಇದ್ದರೆ ಅವರಿಂದಲೇ ಕೋರ್ಸು-ಕೋರ್ಸಿನ ವಿವರವಿರುವ ಹೊಸ ಪ್ರತಿಯನ್ನು ಕಳಿಸುವಂತೆ ಕೇಳಿ. ಇಲ್ಲದಿದ್ದರೆ ಮತ್ತೆ ಪರೀಕ್ಷಾಂಗ ಕುಲಸಚಿವರ ಕಚೇರಿಗೆ ಅರ್ಜಿ ಹಾಕಿ, ಮೊಹರು ಮಾಡಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ತರಿಸಬೇಕಾಗುತ್ತದೆ. ಇದಕ್ಕೆ ವಾರಗಳು ಹಿಡಿಯುವುದರಿಂದ ಉಳಿದೆಲ್ಲಕ್ಕಿಂತ ಮೊದಲು ಈ ಕೆಲಸಕ್ಕೆ ಕೈಹಾಕಿ. ಊರಿನಲ್ಲಿರುವ ಅಣ್ಣನೋ ತಮ್ಮನೋ ಹೋಗಿ ಬರುವುದಾದರೆ, ಅವರ ಹೆಸರಿಗೆ ಸಹಿ ಮಾಡಿದ ಅಧಿಕಾರ ಪತ್ರವನ್ನು ಮೊದಲೇ ಕಳಿಸಿಬಿಡಿ.

ಹೆಸರಿನ ಗೊಂದಲವನ್ನೂ ಇದೇ ಸಂದರ್ಭದಲ್ಲಿ ಬಗೆಹರಿಸಿಕೊಳ್ಳಬೇಕು. ನಮ್ಮ ಮಾರ್ಕ್ಸ್ ಕಾರ್ಡುಗಳಲ್ಲಿ ‘ಸವಿತಾ ಎಂ.ಎಸ್.’ ಎಂಬಂತೆ ಹೆಸರೂ ಇನಿಶಿಯಲ್ಲೂ ಇರುತ್ತವೆ. ಪಾಸ್‌ಪೋರ್ಟಿನಲ್ಲಿ ಆ ಇನಿಶಿಯಲ್ಲುಗಳು ಬಿಡಿಸಿಕೊಂಡು ಊರು ಮತ್ತು ತಂದೆಯ ಹೆಸರಾಗುತ್ತವೆ. ಟೆಕ್ಸಾಸಿನ ಸರ್ಟಿಫಿಕೇಟಿನಲ್ಲಿ ಅವುಗಳ ಜಾಗಕ್ಕೆ ಗಂಡನ ಮನೆತನದ ಹೆಸರು ಬಂದಿರುತ್ತದೆ. ಮೂರು ಕಾಗದಗಳಲ್ಲಿ ಮೂರು ಹೆಸರುಗಳನ್ನು ಕಂಡ ಅಧಿಕಾರಿ ಅರ್ಜಿಯನ್ನು ಬದಿಗಿಟ್ಟರೆ ತಪ್ಪು ಅವರದಲ್ಲ. ಮದುವೆ ನೋಂದಣಿ ಪತ್ರ, ಪಾಸ್‌ಪೋರ್ಟಿನ ಪ್ರತಿ, ಮತ್ತು ಈ ಎಲ್ಲ ಹೆಸರುಗಳೂ ಒಬ್ಬಳದೇ ಎಂದು ನೋಟರಿ ಮುಂದೆ ಸಹಿ ಮಾಡಿದ ಪ್ರಮಾಣಪತ್ರ, ಇವಿಷ್ಟನ್ನು ಮೊದಲ ಅರ್ಜಿಯೊಂದಿಗೇ ಕಳಿಸಿ.

ಮೌಲ್ಯನಿರ್ಣಯದ ವರದಿಯಲ್ಲಿ ಒಂದು ಸಾಲನ್ನು ಗಮನವಿಟ್ಟು ಓದಿ. ಮೂರು ವರ್ಷದ ಬಿ.ಎಸ್ಸಿ.ಯನ್ನು ಅಮೆರಿಕದ ನಾಲ್ಕು ವರ್ಷದ ಪದವಿಗೆ ಹೋಲಿಸುವಾಗ ಏಜೆನ್ಸಿಗಳು ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಕೆಲವು ಏಜೆನ್ಸಿಗಳು ಬಿ.ಎಸ್ಸಿ. ಮತ್ತು ಬಿ.ಇಡಿ. ಎರಡನ್ನೂ ಸೇರಿಸಿ ಒಂದು ಬ್ಯಾಚುಲರ್ ಪದವಿಗೆ ಸಮ ಎನ್ನುತ್ತವೆ. ಇನ್ನು ಕೆಲವು, ಕಾಲೇಜಿನ ಮಾನ್ಯತೆಯನ್ನೂ ನೋಡಿ, ಬಿ.ಎಸ್ಸಿ.ಯನ್ನೇ ಬ್ಯಾಚುಲರ್ ಎಂದು ಒಪ್ಪಿ, ಬಿ.ಇಡಿ.ಯನ್ನು ಅದರ ಮೇಲಿನ ಓದಾಗಿ ತೋರಿಸುತ್ತವೆ. ಪರವಾನಗಿಗೆ ಎರಡೂ ಸಾಕು. ಸಂಬಳಕ್ಕೆ ಮಾತ್ರ ಎರಡೂ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದ ಡಿಸ್ಟ್ರಿಕ್ಟುಗಳ ಸಂಬಳದ ಕೋಷ್ಟಕದಲ್ಲಿ ಮೇಲಿನಿಂದ ಕೆಳಕ್ಕೆ ಅನುಭವದ ವರ್ಷಗಳೂ, ಎಡದಿಂದ ಬಲಕ್ಕೆ ಬ್ಯಾಚುಲರ್ ಪದವಿಯ ನಂತರ ಗಳಿಸಿದ ಯೂನಿಟ್ಟುಗಳೂ (ಓದಿದ ಕೋರ್ಸುಗಳ ಅಳತೆ) ಇರುತ್ತವೆ, ಬಿ.ಇಡಿ. ಪದವಿಯೊಳಗೇ ಕರಗಿಹೋದರೆ ಎಡಗಡೆಯ ಮೊದಲ ಅಂಕಣದಲ್ಲಿ ನಿಲ್ಲುತ್ತೀರಿ, ಪ್ರತ್ಯೇಕವಾಗಿ ನಿಂತರೆ ಬಲಕ್ಕೆ ಸರಿಯುತ್ತೀರಿ. ನೀವು ನಿವೃತ್ತರಾಗುವವರೆಗೂ ಈ ವ್ಯತ್ಯಾಸ ಪ್ರತಿ ತಿಂಗಳ ಸಂಬಳದಲ್ಲಿ ಕಾಣುತ್ತದೆ. ಅನುಭವದ ವರ್ಷಗಳ ವಿಷಯದಲ್ಲಿಯೂ, ಹೊರಗಿನಿಂದ ಬಂದವರಿಗೆ ಇಂತಿಷ್ಟೇ ವರ್ಷ ಎಂದು ಮಿತಿ ಹಾಕುವ ಡಿಸ್ಟ್ರಿಕ್ಟುಗಳಿವೆ. ನೇಮಕಾತಿ ಪತ್ರಕ್ಕೆ ಸಹಿ ಮಾಡುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ.

ಟೆಕ್ಸಾಸ್ ಬಿಡುವ ರೀತಿಯ ಬಗ್ಗೆ ನೀವು ಕೇಳಿಲ್ಲ. ಆದರೆ ಅತ್ಯಂತ ದೊಡ್ಡ ಹಾನಿ ಸಾಮಾನ್ಯವಾಗಿ ಅಲ್ಲಿಯೇ ಆಗುವುದರಿಂದ ಹೇಳಲೇಬೇಕು. ಟೆಕ್ಸಾಸಿನ ಕಾನೂನಿನಂತೆ ಮುಂದಿನ ಶಾಲಾ ವರ್ಷದ ಒಪ್ಪಂದಕ್ಕೆ ಸಹಿ ಮಾಡಿದ ಶಿಕ್ಷಕರು, ತರಗತಿಗಳು ಆರಂಭವಾಗುವ ಮೊದಲ ದಿನಕ್ಕಿಂತ 45 ದಿನ ಮುಂಚೆ ರಾಜೀನಾಮೆ ಕೊಟ್ಟರೆ ಯಾವ ದಂಡನೆಯೂ ಇಲ್ಲ. ಆಗಸ್ಟ್ 12ರಂದು ತರಗತಿ ಆರಂಭವಾಗುವುದಾದರೆ ಆ ಗಡುವು ಜೂನ್ 28. ಆಮೇಲೆ ಡಿಸ್ಟ್ರಿಕ್ಟಿನ ಒಪ್ಪಿಗೆಯಿಲ್ಲದೆ ಕೆಲಸ ಬಿಟ್ಟರೆ ಅದು ಒಪ್ಪಂದ ಮುರಿದಂತೆ, ಮತ್ತು ಡಿಸ್ಟ್ರಿಕ್ಟು ದೂರು ಕೊಟ್ಟರೆ ಸರ್ಟಿಫಿಕೇಟಿನ ಮೇಲೆ ಶಿಸ್ತುಕ್ರಮ ಆಗಬಹುದು. ಶಿಸ್ತುಕ್ರಮಗಳ ವಿವರವನ್ನು ರಾಜ್ಯಗಳು ಹಂಚಿಕೊಳ್ಳುವ ರಾಷ್ಟ್ರೀಯ ಮಾಹಿತಿ ಕೋಶವೊಂದನ್ನು ಮೇಲೆ ಹೇಳಿದ ನ್ಯಾಸ್‌ಡ್‌ಟೆಕ್ ಸಂಘವೇ ನಡೆಸುತ್ತದೆ. ಪರವಾನಗಿಯನ್ನು ಮಾನ್ಯ ಮಾಡುವುದರಲ್ಲಿ ಒಮ್ಮತವಿಲ್ಲದ ರಾಜ್ಯಗಳು ಶಿಕ್ಷೆಯ ಸುದ್ದಿಯನ್ನು ಹಂಚಿಕೊಳ್ಳುವುದರಲ್ಲಿ ಮಾತ್ರ ಬಲು ಚುರುಕು. ನಿಮಗೆ ಸಮಾಧಾನದ ವಿಷಯವೆಂದರೆ, ಜೊತೆಯಲ್ಲಿ ವಾಸಿಸುವ ಸಂಗಾತಿಯ ಉದ್ಯೋಗ ಬದಲಾವಣೆಯಿಂದ ಬೇರೆ ಊರಿಗೆ ಹೋಗಬೇಕಾಗುವುದನ್ನು ಟೆಕ್ಸಾಸಿನ ನಿಯಮ ಸಕಾರಣವೆಂದು ಪರಿಗಣಿಸುತ್ತದೆ. ಆ ಕಾರಣವನ್ನು ರುಜುವಾತು ಮಾಡಬೇಕಾದವರು ನೀವು. ಆದ್ದರಿಂದ ಪತಿಯ ಕಂಪನಿಯಿಂದ ವರ್ಗಾವಣೆಯ ಪತ್ರವನ್ನು ಪಡೆದು, ರಾಜೀನಾಮೆಯ ಜೊತೆಗೆ ಲಗತ್ತಿಸಿ, ಒಪ್ಪಂದದಿಂದ ಬಿಡುಗಡೆ ಮಾಡಿದ್ದೇವೆ ಎಂಬ ಉತ್ತರವನ್ನು ಡಿಸ್ಟ್ರಿಕ್ಟಿನಿಂದ ಬರಹದಲ್ಲಿಯೇ ತೆಗೆದುಕೊಳ್ಳಿ. ಪ್ರಾಂಶುಪಾಲರು ಬಾಯಿಮಾತಿನಲ್ಲಿ ಹಾರೈಸಿ ಕಳಿಸಿದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಾಲ್ಕು ವರ್ಷ ಎಂಬ ಸಂಖ್ಯೆ ಇನ್ನೊಂದು ಕಾರಣಕ್ಕೂ ನನ್ನ ಗಮನಕ್ಕೆ ಬಂತು. ಟೆಕ್ಸಾಸಿನ ಶಿಕ್ಷಕರ ಪಿಂಚಣಿ ವ್ಯವಸ್ಥೆಯಲ್ಲಿ ಹಕ್ಕು ಗಟ್ಟಿಯಾಗುವುದು ಐದು ವರ್ಷಗಳ ಸೇವೆಯ ನಂತರ. ಸಂಬಳದ ಶೇ. 8.25ರಷ್ಟನ್ನು ನೀವು ಅದಕ್ಕೆ ಕಟ್ಟುತ್ತಿದ್ದೀರಿ. ಈಗಲೇ ಬಿಟ್ಟರೆ ಕಟ್ಟಿದ ಹಣವನ್ನು ಹಿಂಪಡೆಯಬಹುದು, ಆದರೆ ಟೆಕ್ಸಾಸಿನಿಂದ ಪಿಂಚಣಿಯ ಹಕ್ಕು ಉಳಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಶಿಕ್ಷಕರ ಪಿಂಚಣಿಯಲ್ಲಿಯೂ ಅದೇ ಐದು ವರ್ಷಗಳ ನಿಯಮವಿದ್ದು, ಹೊರರಾಜ್ಯದ ಸೇವೆಯನ್ನು ಹಣ ಕಟ್ಟಿ ಸೇರಿಸಿಕೊಳ್ಳುವ ಅವಕಾಶ ಅಲ್ಲಿದೆ. ಪತಿ ಮೊದಲು ಹೋಗಿ, ನೀವು ಮಕ್ಕಳ ಶಾಲೆಯನ್ನೂ ನೋಡಿಕೊಂಡು ಇನ್ನೊಂದು ವರ್ಷ ಇಲ್ಲಿಯೇ ಉಳಿಯುವ ಆಲೋಚನೆ ಮನೆಯಲ್ಲಿ ಇದ್ದರೆ, ಈ ಐದನೆಯ ವರ್ಷವನ್ನೂ ತೂಗಿನೋಡಿ. ಒಂದು ಎಚ್ಚರಿಕೆ: ಸಂಗಾತಿಯ ವರ್ಗಾವಣೆಯ ಕಾರಣ ಕೊಟ್ಟು ವರ್ಷದ ನಡುವೆ ಬಿಡುವುದಾದರೆ, ವರ್ಗಾವಣೆಗೂ ರಾಜೀನಾಮೆಗೂ ನಡುವೆ ತಿಂಗಳುಗಟ್ಟಲೆ ಅಂತರವಿದ್ದಾಗ ಆ ಕಾರಣ ದುರ್ಬಲವಾಗುತ್ತದೆ, ಉಳಿಯುವುದಾದರೆ ಶಾಲಾ ವರ್ಷ ಪೂರ್ತಿ ಉಳಿಯಿರಿ.

ಬೆರಳಚ್ಚಿನ ವಿಷಯ ಸಣ್ಣದು. ಟೆಕ್ಸಾಸಿಗೆ ಕೊಟ್ಟ ಬೆರಳಚ್ಚು ಕ್ಯಾಲಿಫೋರ್ನಿಯಾಕ್ಕೆ ಉಪಯೋಗವಿಲ್ಲ. ಅಲ್ಲಿಗೆ ಹೋದ ಮೇಲೆ ಅರ್ಜಿ ಹಾಕುವುದಾದರೆ ಲೈವ್ ಸ್ಕ್ಯಾನ್ ಎಂಬ ವಿದ್ಯುನ್ಮಾನ ಕೇಂದ್ರದಲ್ಲಿ ಬೆರಳಚ್ಚು ಕೊಡಬಹುದು. ಟೆಕ್ಸಾಸಿನಲ್ಲಿ ಇದ್ದುಕೊಂಡೇ ಅರ್ಜಿ ಹಾಕುವುದಾದರೆ ಶಾಯಿ ಹಚ್ಚಿದ ಬೆರಳಚ್ಚಿನ ಎರಡು ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಬೇಕು, ಅದು ನಿಧಾನ. ಕೆಲಸಕ್ಕೆ ತೆಗೆದುಕೊಳ್ಳುವ ಡಿಸ್ಟ್ರಿಕ್ಟು ತನಗಾಗಿ ಮತ್ತೊಮ್ಮೆ ಬೆರಳಚ್ಚು ಕೇಳಿದರೆ ಅಚ್ಚರಿಪಡಬೇಡಿ. ಕ್ಷಯರೋಗದ ತಪಾಸಣೆಯ ಪತ್ರವೂ ಬೇಕಾಗುತ್ತದೆ.

ಸಮಯದ ಲೆಕ್ಕ ಹೀಗೆ ಹಾಕಿಕೊಳ್ಳಿ. ಪೂರ್ಣವಾದ ಅರ್ಜಿಯನ್ನು ಪರಿಶೀಲಿಸಲು ಕ್ಯಾಲಿಫೋರ್ನಿಯಾದ ಆಯೋಗಕ್ಕೆ 50 ಕೆಲಸದ ದಿನಗಳವರೆಗೆ ಅವಕಾಶವಿದೆ, ಅಂದರೆ ಎರಡು ತಿಂಗಳಿಗೂ ಮೇಲೆ. ಆಗಸ್ಟಿನಲ್ಲಿ ಶಾಲೆ ಸೇರಬೇಕಾದರೆ ಮೇ ತಿಂಗಳೊಳಗೆ ಅರ್ಜಿ ಅಲ್ಲಿರಬೇಕು. ಅಷ್ಟರೊಳಗೆ ಆಗದಿದ್ದರೂ ಕೈಚೆಲ್ಲಬೇಕಾಗಿಲ್ಲ: ಅರ್ಜಿ ಪರಿಶೀಲನೆಯಲ್ಲಿರುವಾಗ ಡಿಸ್ಟ್ರಿಕ್ಟು ನಿಮ್ಮನ್ನು ತೆಗೆದುಕೊಳ್ಳಲು ಸಿದ್ಧವಿದ್ದರೆ, ಕೌಂಟಿಯ ಶಿಕ್ಷಣ ಕಚೇರಿಯು ತಾತ್ಕಾಲಿಕ ಸರ್ಟಿಫಿಕೇಟನ್ನು ಕೊಡುವ ಪದ್ಧತಿಯಿದೆ. ಅದನ್ನು ನೀವಾಗಿ ಹೋಗಿ ಪಡೆಯುವುದು ಕಷ್ಟ. ಸಂದರ್ಶನದಲ್ಲಿಯೇ ಪರವಾನಗಿಯ ಕಾಗದಪತ್ರ ನೋಡಿಕೊಳ್ಳುವ ಡಿಸ್ಟ್ರಿಕ್ಟಿನ ಕ್ರೆಡೆನ್ಶಿಯಲ್ ಅನಲಿಸ್ಟ್ ಯಾರೆಂದು ಕೇಳಿಕೊಂಡು ಅವರ ಮೂಲಕ ಮಾಡಿಸಿ. ಖಾಸಗಿ ಶಾಲೆಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಪರವಾನಗಿ ಕಡ್ಡಾಯವಲ್ಲವಾದರೂ, ಸಂಬಳ ಮತ್ತು ಪಿಂಚಣಿಯಲ್ಲಿ ಸಾರ್ವಜನಿಕ ಶಾಲೆಗೆ ಅವು ಸಾಮಾನ್ಯವಾಗಿ ಸಾಟಿಯಾಗುವುದಿಲ್ಲ. ನೀವು ಎಚ್-4 ವೀಸಾದ (ಎಚ್-1ಬಿ ಉದ್ಯೋಗಿಯ ಸಂಗಾತಿಗೆ ಕೊಡುವ ವೀಸಾ) ಕೆಲಸದ ಪರವಾನಗಿಯ ಮೇಲಿದ್ದರೆ, ಅದು ಕೇಂದ್ರ ಸರ್ಕಾರದ್ದಾದ್ದರಿಂದ ರಾಜ್ಯ ಬದಲಿಸಿದರೂ ಅದರ ಸಿಂಧುತ್ವ ಬದಲಾಗುವುದಿಲ್ಲ. ಆದರೆ ಅದರ ಅವಧಿ ಶಾಲಾ ವರ್ಷದ ನಡುವೆ ಮುಗಿಯುವಂತಿದ್ದರೆ ಡಿಸ್ಟ್ರಿಕ್ಟಿಗೆ ಮೊದಲೇ ತಿಳಿಸಿ.

ಕೊನೆಯದಾಗಿ, ಕ್ಯಾಲಿಫೋರ್ನಿಯಾದ ಪರವಾನಗಿ ಕೈಗೆ ಬಂದಿತೆಂದು ಟೆಕ್ಸಾಸಿನದನ್ನು ಮರೆಯಬೇಡಿ. ಟೆಕ್ಸಾಸ್ ಕಾಗದದ ಸರ್ಟಿಫಿಕೇಟ್ ಕೊಡುವುದಿಲ್ಲ. ಅದರ ಜಾಲತಾಣದಲ್ಲಿ ಕಾಣುವುದೇ ಅಧಿಕೃತ ದಾಖಲೆ, ಅವಧಿ ಮುಗಿದರೆ ಅಲ್ಲಿ ‘ಇನ್ಯಾಕ್ಟಿವ್’ ಎಂದು ಬರುತ್ತದೆ. ಮುಂದೆ ಇನ್ನೊಂದು ರಾಜ್ಯಕ್ಕೆ ಹೋಗಬೇಕಾಗಿ ಬಂದಾಗ, ಎಲ್ಲ ಪರವಾನಗಿಗಳೂ ಚಾಲ್ತಿಯಲ್ಲಿರುವ ಅರ್ಜಿದಾರರ ದಾರಿ ಸುಗಮವಾಗಿರುತ್ತದೆ. ಐದು ವರ್ಷಕ್ಕೊಮ್ಮೆ ನವೀಕರಿಸಲು ತರಗತಿ ಶಿಕ್ಷಕರಿಗೆ 150 ಗಂಟೆಗಳ ಮುಂದುವರಿಕೆ ಶಿಕ್ಷಣ ಬೇಕು. ಕ್ಯಾಲಿಫೋರ್ನಿಯಾದ ಶಾಲೆಯಲ್ಲಿ ನೀವು ಹಾಜರಾಗುವ ತರಬೇತಿಗಳನ್ನು ಇದಕ್ಕೆ ಲೆಕ್ಕ ಹಿಡಿಯಬಹುದೇ ಎಂದು ಟೆಕ್ಸಾಸ್ ಏಜೆನ್ಸಿಯನ್ನು ಮೊದಲೇ ವಿಚಾರಿಸಿ, ದಿನಾಂಕ, ಗಂಟೆ ಮತ್ತು ವಿಷಯ ನಮೂದಾಗಿರುವ ಹಾಜರಾತಿ ಪತ್ರಗಳನ್ನು ಮೊದಲ ದಿನದಿಂದಲೇ ಒಂದು ಕಡೆ ಜೋಡಿಸಿಡುತ್ತಾ ಹೋಗಿ.